ಬೂಟಿನ ಊಟ, ಬೋಗುಣಿ ತುಂಬ ಪಾಪ್‌ಕಾರ್ನ್

ಚಾರ್ಲಿ ಚಾಪ್ಲಿನ್ ಅವರ ‘ದಿ ಗೋಲ್ಡ್ ರಶ್’ ಚಿತ್ರವನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ನೋಡಿದ್ದೇವೆಂಬ ಲೆಕ್ಕ ಎಂದೋ ತಪ್ಪಿದೆ. ಪಾಪ್‌ಕಾರ್ನ್ ಹುರಿಯುವ ಹೊಣೆ ಯಾವಾಗಲೂ ನನ್ನದು, ಪರದೆಯ ಮೇಲಿನ ಬರಹಗಳನ್ನು ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುವ ಹೊಣೆ ಮಗಳದು. 1925ರ ಮೂಕಿ ಚಿತ್ರವಾದ್ದರಿಂದ ಓದಬೇಕಾದದ್ದು ಕಡಿಮೆ; ಆದರೂ ಅವಳು ಅಲ್ಲಿರುವುದಕ್ಕಿಂತ ಎರಡು ಪಾಲು ಹೆಚ್ಚು ಹೇಳುತ್ತಾಳೆಂಬ ಅನುಮಾನ ನನಗಿದೆ. ಮಾತಿಲ್ಲದ ಚಿತ್ರದ ಇನ್ನೊಂದು ಅನುಕೂಲವೆಂದರೆ, ಎಷ್ಟು ಕುರುಕುರು ಸದ್ದು ಮಾಡಿಕೊಂಡು ತಿಂದರೂ ಯಾರಿಗೂ ಯಾವ ಸಂಭಾಷಣೆಯೂ ತಪ್ಪಿಹೋಗುವುದಿಲ್ಲ.

ಪಾಪ್‌ಕಾರ್ನ್ ವಿಷಯದಲ್ಲಿ ನನಗೆ ತುಸು ಹಟವಿದೆ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಮೊದಲು ಮೂರೇ ಕಾಳು ಹಾಕುತ್ತೇನೆ. ಅವು ಸಿಡಿದ ಮೇಲೆ ಉಳಿದ ಕಾಳುಗಳನ್ನು ಸುರಿದು, ಪಾತ್ರೆಯನ್ನು ಅರ್ಧ ನಿಮಿಷ ಒಲೆಯಿಂದ ಇಳಿಸಿಟ್ಟು ಮತ್ತೆ ಏರಿಸುತ್ತೇನೆ. ಹೀಗೆ ಮಾಡಿದರೆ ಎಲ್ಲ ಕಾಳುಗಳೂ ಹೆಚ್ಚುಕಡಿಮೆ ಒಟ್ಟಿಗೆ ಕಾದು ಒಟ್ಟಿಗೆ ಅರಳುತ್ತವೆ. ಕಾಳಿನೊಳಗೆ ಸುಮಾರು 14 ಶೇಕಡಾ ತೇವವಿರುತ್ತದೆ. ಶಾಖ 180 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಆ ತೇವದಿಂದಾದ ಹಬೆಯ ಒತ್ತಡಕ್ಕೆ ಗಟ್ಟಿ ಸಿಪ್ಪೆ ಒಡೆಯುತ್ತದೆ, ಮೆತ್ತಗಾಗಿದ್ದ ಪಿಷ್ಟ ನೊರೆಯಂತೆ ಉಬ್ಬಿ ಹೊರಬಂದು ಅಲ್ಲಿಯೇ ಗಟ್ಟಿಯಾಗುತ್ತದೆ. ಮುಚ್ಚಳವನ್ನು ಸ್ವಲ್ಪ ಓರೆ ಮಾಡಿಡದಿದ್ದರೆ ಅದೇ ಹಬೆ ಪಾತ್ರೆಯೊಳಗೆ ಸುತ್ತಿ, ಅರಳಿದ್ದನ್ನೆಲ್ಲ ಮೆತ್ತಗೆ ಮಾಡಿಬಿಡುತ್ತದೆ. ಬೆಣ್ಣೆಯನ್ನು ಬರಿದೇ ಕರಗಿಸಿ ಸುರಿಯುವುದಕ್ಕೂ ನನ್ನ ಒಪ್ಪಿಗೆಯಿಲ್ಲ, ಅದರಲ್ಲಿಯೂ ನೀರಿರುತ್ತದೆ. ಉಪ್ಪನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿದರೆ ಸಾಕು. ಹರಳು ಉಪ್ಪು ಬೋಗುಣಿಯ ತಳ ಸೇರುತ್ತದೆ.

ಚಿನ್ನ ಹುಡುಕಿಕೊಂಡು ಹೋದ ಚಾರ್ಲಿ ಮತ್ತು ಭಾರೀ ಗಾತ್ರದ ಬಿಗ್ ಜಿಮ್ ಹಿಮಗಾಳಿಗೆ ಸಿಕ್ಕಿ ಒಂದು ಮರದ ಗುಡಿಸಿನಲ್ಲಿ ಹಸಿದು ಕುಳಿತಿರುವ ಭಾಗ ಬಂದಾಗ ನಮ್ಮ ಬೋಗುಣಿ ಅರ್ಧ ಖಾಲಿಯಾಗಿರುತ್ತದೆ. ಚಾರ್ಲಿ ತನ್ನ ಒಂದು ಬೂಟನ್ನೇ ಬೇಯಿಸಿ, ಅದರ ಮೇಲೆ ಬೇಯಿಸಿದ ನೀರನ್ನು ಸಾರಿನಂತೆ ಹೊಯ್ದು, ಮೇಲುಭಾಗವನ್ನೂ ಅಟ್ಟೆಯನ್ನೂ ಬಿಡಿಸಿ ಬಡಿಸುತ್ತಾನೆ. ಜಿಮ್ ತಟ್ಟೆ ಅದಲುಬದಲು ಮಾಡಿಕೊಂಡು ಒಳ್ಳೆಯ ಪಾಲನ್ನು ಎಳೆದುಕೊಂಡಾಗ ಅಟ್ಟೆ ಚಾರ್ಲಿಯ ಪಾಲಿಗೆ ಉಳಿಯುತ್ತದೆ. ಅವನು ಅದರ ಮೊಳೆಗಳನ್ನು ಕೋಳಿಯ ಎಲುಬಿನಂತೆ ಚೀಪುತ್ತಾನೆ, ಲೇಸನ್ನು ಫೋರ್ಕಿಗೆ ಶಾವಿಗೆಯಂತೆ ಸುತ್ತಿಕೊಳ್ಳುತ್ತಾನೆ. ದೊಡ್ಡ ಔತಣಕ್ಕೆ ಕುಳಿತವನ ಗಾಂಭೀರ್ಯ ಆ ಮುಖದಲ್ಲಿರುತ್ತದೆ. ಚಿತ್ರೀಕರಣಕ್ಕೆ ಬಳಸಿದ ಬೂಟನ್ನು ಲಿಕರಿಸ್ ಎಂಬ ಕಪ್ಪು ಮಿಠಾಯಿಯಿಂದ ಮಾಡಿದ್ದರೆಂದು ಗೊತ್ತಿದ್ದರೂ ನಮ್ಮ ಕೈಗಳು ಬೋಗುಣಿಯಲ್ಲಿ ಒಂದು ಕ್ಷಣ ನಿಂತುಹೋಗುತ್ತವೆ.

ಈ ದೃಶ್ಯ ಹುಟ್ಟಿದ ಕಥೆಯಲ್ಲಿ ನಗುವಂಥದ್ದೇನೂ ಇಲ್ಲ. 1846–47ರ ಚಳಿಗಾಲದಲ್ಲಿ ಅಮೆರಿಕದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಹಿಮಕ್ಕೆ ಸಿಲುಕಿ ಹಸಿವಿನಿಂದ ನರಳಿದ ಡಾನರ್ ತಂಡದ ವಲಸಿಗರ ಬಗ್ಗೆ ಓದಿದ್ದೇ ತನಗೆ ಪ್ರೇರಣೆಯಾಯಿತೆಂದು ಚಾಪ್ಲಿನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಏಳನೆಯ ವಯಸ್ಸಿನಲ್ಲಿಯೇ ಲಂಡನ್ನಿನ ನಿರ್ಗತಿಕರ ವಸತಿಗೃಹ ಸೇರಬೇಕಾಗಿ ಬಂದವರು ಅವರು. ಹಾಗಾಗಿ ಅಟ್ಟೆಯ ಮೊಳೆ ಚೀಪುವ ಆ ಮರ್ಯಾದೆಯ ರೀತಿ ಅವರಿಗೆ ಬರಿಯ ಕಲ್ಪನೆಯಿಂದ ಬಂದಿತೆಂದು ನನಗೆ ಅನಿಸುವುದಿಲ್ಲ.

ಚಾಪ್ಲಿನ್ 1942ರಲ್ಲಿ ಇದೇ ಚಿತ್ರವನ್ನು ತಿದ್ದಿ, ಬರಹಗಳನ್ನು ತೆಗೆದು, ತಮ್ಮದೇ ದನಿಯಲ್ಲಿ ನಿರೂಪಣೆ ಸೇರಿಸಿ ಮತ್ತೆ ಬಿಡುಗಡೆ ಮಾಡಿದರು. ನನ್ನ ತಮ್ಮನಿಗೆ ಆ ಆವೃತ್ತಿಯೇ ಇಷ್ಟ. ಕಣ್ಣಿಗೆ ಕಾಣುವುದನ್ನೇ ಮತ್ತೆ ಮಾತಿನಲ್ಲಿ ಹೇಳುವುದೇಕೆಂದು ನಾನು, ಆ ದನಿಯಲ್ಲೇ ಅರ್ಧ ತಮಾಷೆಯಿದೆಯೆಂದು ಅವನು. ಈ ವಾದ ಇನ್ನೂ ಮುಗಿದಿಲ್ಲ. ನಮ್ಮ ಮನೆಗೆ 1925ರದ್ದೇ ಸರಿ ಎನ್ನಲು ನನಗಿರುವ ಬಲವಾದ ಕಾರಣ ಮಗಳ ಅನುವಾದ.

ಯಾರು ಎಲ್ಲಿ ನಗುತ್ತಾರೆಂಬುದೂ ಈಗ ನನಗೆ ಬಾಯಿಪಾಠ. ಹಸಿದ ಜಿಮ್ ಕಣ್ಣಿಗೆ ಚಾರ್ಲಿ ಆಳೆತ್ತರದ ಕೋಳಿಯಾಗಿ ಕಂಡಾಗ ಮಗ ನೆಲದ ಮೇಲೆ ಹೊರಳಾಡುತ್ತಾನೆ. ಗುಡಿಸಲು ಪ್ರಪಾತದ ಅಂಚಿನಲ್ಲಿ ಅತ್ತಿತ್ತ ತೂಗುವಾಗ ತಮ್ಮನೂ ಅದರ ಜೊತೆಗೆ ವಾಲುತ್ತಾನೆ, ಅದು ಅವನಿಗೆ ಗೊತ್ತಾಗುವುದೇ ಇಲ್ಲ. ಎರಡು ಫೋರ್ಕುಗಳಿಗೆ ಬ್ರೆಡ್ಡಿನ ಉಂಡೆಗಳನ್ನು ಚುಚ್ಚಿ ಚಾರ್ಲಿ ಮೇಜಿನ ಮೇಲೆ ಕುಣಿಸುವಾಗ ಮಾತ್ರ ಯಾರೂ ನಗುವುದಿಲ್ಲ. ಬರುತ್ತೇನೆಂದವಳು ಬಂದಿಲ್ಲ, ಅವನು ಅದನ್ನು ಕನಸಿನಲ್ಲಿ ಕಾಣುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿದೆ.

ಅಮ್ಮ ಹೆಚ್ಚು ಮಾತನಾಡುವವರಲ್ಲ. ಕಳೆದ ಸಲ ನೋಡುತ್ತಿದ್ದಾಗ, ಬೂಟಿನ ದೃಶ್ಯ ಮುಗಿದು ಬಹಳ ಹೊತ್ತಾದ ಮೇಲೆ, “ಆ ಕಾಲಿಗೆ ಇನ್ನೂ ಬಟ್ಟೆಯನ್ನೇ ಸುತ್ತಿಕೊಂಡಿದ್ದಾನಲ್ಲೋ, ಪಾಪ,” ಎಂದರು. ಬೂಟು ತಿಂದವನ ಕಾಲು ಮುಂದೆ ಏನಾಯಿತೆಂದು ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಚಿತ್ರವನ್ನು ಹಿಂದಕ್ಕೆ ಓಡಿಸಿ ನೋಡಿದೆವು. ಚಿಂದಿ ಸುತ್ತಿದ ಕಾಲಿನಲ್ಲಿಯೇ ಅವನು ನೃತ್ಯಶಾಲೆಗೂ ಹೋಗುತ್ತಾನೆ, ಕುಣಿಯುತ್ತಾನೆ ಕೂಡ. ಅಷ್ಟರಲ್ಲಿ ಮಗ ಬೋಗುಣಿಯ ತಳದಲ್ಲಿ ಸಿಡಿಯದೆ ಉಳಿದಿದ್ದ ಒಂದು ಕಾಳನ್ನು ಎರಡು ಬೆರಳುಗಳಲ್ಲಿ ಹಿಡಿದು, ಕಿರುಬೆರಳೆತ್ತಿ, ಮೊಳೆಯಂತೆ ಚೀಪಿ ತಟ್ಟೆಯ ಅಂಚಿಗೆ ಇಟ್ಟ.