ನೂರು ಮಿಲಿಮೀಟರಿನ ಜಗಳ

ಹೊಸದಾಗಿ ಎಂಟಿಬಿ, ಅಂದರೆ ಗುಡ್ಡದ ಮೌಂಟನ್ ಬೈಕು, ಕೊಂಡವರು ನಮ್ಮ ಗುಂಪಿಗೆ ಬಂದರೆ ಮೊದಲು ಗೇರಿನ ಬಗ್ಗೆ ಕೇಳುತ್ತಾರೆ, ಆಮೇಲೆ ಬ್ರೇಕಿನ ಬಗ್ಗೆ. ಮುಂದಿನ ಗಾಲಿ ಹಿಡಿಯುವ ಎರಡು ಕಾಲಿನ ಕವೆ, ಅಂದರೆ ಫೋರ್ಕು, ಅದರ ಮಾತು ಏಳುವುದು ಮೊಣಕೈ ನೋಯಲು ಶುರುವಾದ ಮೇಲೆ. ಆಗ ಚಹಾದಂಗಡಿ ಮುಂದೆ ಪಂಚಾಯಿತಿ ಕೂಡುತ್ತದೆ. ‘ಅದು ಫೋರ್ಕೇ ಅಲ್ರೀ, ಸ್ಪ್ರಿಂಗ್ ತುರುಕಿದ ಪೈಪು’ ಎನ್ನುವುದು ಒಂದು ಪಕ್ಷ. ‘ಇಷ್ಟು ವರ್ಷ ಆತು, ಒಂದ್ ಬೋಲ್ಟ್ ಬಿಚ್ಚಿಲ್ಲ, ಇನ್ನೇನ್ ಬೇಕ್ರಿ’ ಎನ್ನುವುದು ಇನ್ನೊಂದು. ತಮಾಷೆಯೆಂದರೆ ಎರಡೂ ಪಕ್ಷದವರ ಸೈಕಲ್ಲಿಗೆ ಇರುವುದು ಹೆಚ್ಚುಕಡಿಮೆ ಒಂದೇ ಸಾಮಾನು: ಕಾಯಿಲ್ ಸ್ಪ್ರಿಂಗು, ನೂರು ಮಿಲಿಮೀಟರ್ ಟ್ರಾವೆಲ್ಲು (ಫೋರ್ಕು ಒಳಗೆ ಕುಸಿಯಬಲ್ಲ ದೂರ), ನೆತ್ತಿಯ ಒಂದು ಬದಿಗೆ ಪ್ರಿಲೋಡ್ ತಿರುಪು, ಇನ್ನೊಂದು ಬದಿಗೆ ಫೋರ್ಕು ಕುಸಿಯದಂತೆ ಬಂದ್ ಮಾಡುವ ಲಾಕ್‌ಔಟ್. ಮೊದಲ ಎಂಟಿಬಿಗೆ ಅಂಗಡಿಯವರು ಕೊಡುವುದೇ ಇದನ್ನು.

ಬಾಯಿಮಾತಿನ ಈ ಜಗಳ ಕೇಳಿ ಕೇಳಿ ನಮ್ಮ ಗುಂಪಿನ ಡಾಕ್ಟರಿಗೆ ಬೇಸರ ಬಂದಿತ್ತು. ‘ಒಂದೇ ಇಳಿಜಾರು ಹಿಡಿಯೋಣ, ಎಲ್ಲಾರೂ ಎಲ್ಲಾರ ಸೈಕಲ್ ಹತ್ತೋಣ, ಇಳದ ಮ್ಯಾಲ ಮಾತಾಡೋಣ’ ಎಂದರು. ರವಿವಾರ ಬೆಳಿಗ್ಗೆ ಹೊರಟೆವು.

ಜಾಗ ಹುಡುಕುವ ತೊಂದರೆ ನಮಗಿಲ್ಲ. 2021ರ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ನಡೆದದ್ದು ಗದಗದಲ್ಲೇ, ಬಿಂಕದಕಟ್ಟಿ ಕಡೆಯ ಗುಡ್ಡದಲ್ಲಿ. ವಿಜಯಪುರ, ಬಾಗಲಕೋಟೆ ಸೀಮೆಗೆ ರೋಡ್ ಸೈಕ್ಲಿಂಗಿನ ಹೆಸರು ಹಳೆಯದು. ಗುಡ್ಡದ ಸೈಕಲ್ಲಿನ ಮಾತು ಬಂದಾಗ ನಾವೂ ನಮ್ಮೂರ ಹೆಸರನ್ನು ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿಕೊಳ್ಳುತ್ತೇವೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಮನಸ್ಸಿಗೆ ಬಂದಂತೆ ಸೈಕಲ್ ನುಗ್ಗಿಸುವ ಹಾಗಿಲ್ಲ. ಹಾಗಾಗಿ ಊರ ಸಮೀಪದ ಬೋಳು ಗುಡ್ಡಗಳೇ ನಮ್ಮ ಮೈದಾನ.

ಆ ದಿನ ಆರಿಸಿಕೊಂಡ ಇಳಿಜಾರು ಉದ್ದವೇನಲ್ಲ, ಆದರೆ ಮೂರು ತರದ ಕಾಟ ಅದರಲ್ಲಿದೆ. ಮೇಲೆ ಮಸಾರಿ ಮಣ್ಣು, ಅದರ ಮೇಲೆ ಹರಡಿದ ಗರಸು. ನಡುವೆ ಮಳೆನೀರು ಕೊರೆದ ಕೊರಕಲು, ಒಂದರ ಹಿಂದೊಂದು ಬರುವ ಕಲ್ಲಿನ ಏಣುಗಳು. ಕೆಳಗೆ ಎಡಕ್ಕೆ ಗಕ್ಕನೆ ತಿರುವು, ಆ ತಿರುವಿನ ಹೊರಬದಿಗೆ ಜಾಲಿಕಂಟಿ.

ಸವಾರರನ್ನೂ ಹೇಳಬೇಕು, ಯಾಕೆಂದರೆ ಇಡೀ ಕತೆ ನಿಂತಿರುವುದು ಅವರ ತೂಕದ ಮೇಲೆ. ಬ್ಯಾಂಕಿನ ಸಾಹೇಬರು 96 ಕೆಜಿ. ಪಿಯುಸಿ ಓದುವ ಹುಡುಗ ಬಟ್ಟೆ ಬೂಟು ಸೇರಿ 50 ದಾಟಿದರೆ ಹೆಚ್ಚು. ಇವರಿಬ್ಬರ ಫೋರ್ಕು ಒಂದೇ ಕಂಪನಿಯದು, ಒಂದೇ ಮಾಡೆಲ್ಲು. ನನ್ನದೂ ಅದೇ ಜಾತಿಯದು, ನಾನು ಇಬ್ಬರ ನಡುವಿನ ತೂಕದವನು. ಡಾಕ್ಟರ ಸೈಕಲ್ಲಿಗೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಏರ್ ಫೋರ್ಕು. ಜಮಖಂಡಿ ಕಡೆಯ ಗೆಳೆಯ ಹರೆಯದಲ್ಲಿ ರೋಡ್ ರೇಸ್ ಹೊಡೆದವನು, ಅವನದು ಸಸ್ಪೆನ್ಶನ್ನೇ ಇಲ್ಲದ ರಿಜಿಡ್ ಫೋರ್ಕು. ‘ಎರಡೂವರೆ ಕೆಜಿ ಕಬ್ಬಿಣ ಮುಂದ ಕಟ್ಕೊಂಡು ಯಾಕ ತುಳೀಬೇಕು’ ಎಂಬುದು ಅವನ ಕಾಯಂ ಪ್ರಶ್ನೆ. ಅದು ತಪ್ಪು ಪ್ರಶ್ನೆಯೂ ಅಲ್ಲ. ಅಗ್ಗದ ಕಾಯಿಲ್ ಫೋರ್ಕುಗಳು ಎರಡೂವರೆ ಕೆಜಿ ಆಸುಪಾಸು ತೂಗುತ್ತವೆ. ಲಕ್ಕುಂಡಿಗೋ ಆಫೀಸಿಗೋ ಡಾಂಬರಿನ ಮೇಲೆ ಹೋಗಿಬರುವವನಿಗೆ ಅಷ್ಟು ಭಾರದಿಂದ ಸಿಗುವ ಲಾಭ ಬಹಳ ಕಡಿಮೆ.

ಹುಬ್ಬಳ್ಳಿ ರಸ್ತೆಯಲ್ಲಿ ಹೋಗುವಾಗ ಸಾಹೇಬರು ಲಾಕ್‌ಔಟ್ ಹಾಕಿದ್ದರು. ಎದ್ದು ನಿಂತು ತುಳಿದಾಗ ಮುಂಭಾಗ ಕುಣಿಯದಂತೆ ಅದು ಹಿಡಿಯುತ್ತದೆ, ಏರಿನಲ್ಲಿ ನಿಜವಾಗಿಯೂ ಉಪಕಾರ. ಗುಡ್ಡ ತಲುಪಿದ ಕೂಡಲೇ ಜಮಖಂಡಿಯವನು ಅವರ ಸೈಕಲ್ ಇಸಿದುಕೊಂಡು ಕೆಳಗೆ ಹೋದ. ವಾಪಸ್ ಬಂದು ತೀರ್ಪು ಕೊಟ್ಟ: ‘ನನ್ನ ರಿಜಿಡ್ಡಿಗೂ ಇದಕ್ಕೂ ಒಂದ್ ಕೂದಲೆಳಿ ಫರಕ್ ಇಲ್ಲ.’ ಸಾಹೇಬರು ಬಗ್ಗಿ ನೋಡಿದರು. ಲಾಕ್‌ಔಟ್ ಹಾಕಿದ್ದು ಹಾಕಿದಂತೆಯೇ ಇತ್ತು. ಆ ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಬಿಚ್ಚಿಕೊಂಡು ಮತ್ತೆ ಇಳಿದು ಬಂದಾಗ ತೀರ್ಪು ಸ್ವಲ್ಪ ಬದಲಾಗಿತ್ತು: ‘ದೊಡ್ಡ ಕಲ್ಲಿಗೆ ಬರೋಬರಿ, ಸಣ್ಣ ಗರಸಿಗೆ ಮಲಗಿರ್ತೈತಿ.’

ಇದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ. ಅಗ್ಗದ ಫೋರ್ಕಿನೊಳಗೆ ಧೂಳು ತಡೆಯುವ ಸೀಲು, ಕಾಲು ಜಾರುವ ಬುಶಿಂಗುಗಳ ತಿಕ್ಕಾಟ ಜಾಸ್ತಿ. ಆ ತಿಕ್ಕಾಟವನ್ನು ಮೀರುವಷ್ಟು ಏಟು ಬಿದ್ದರೆ ಮಾತ್ರ ಕಾಲು ಒಳಗೆ ಸರಿಯುತ್ತದೆ. ಗರಸಿನ ಸಣ್ಣ ನಡುಕ ಆ ಗೆರೆ ದಾಟುವುದಿಲ್ಲ, ನೇರ ಅಂಗೈಗೆ ಬರುತ್ತದೆ. ಅದಕ್ಕೆ ಮದ್ದು ಫೋರ್ಕಿನಲ್ಲಿಲ್ಲ, ಟೈರಿನಲ್ಲಿದೆ. ಹುಡುಗನ ಟೈರಿಗೆ ಅಂಗಡಿಯವರು 50 ಪಿಎಸ್‌ಐ ತುಂಬಿ ಕಳಿಸಿದ್ದರು. ಡಾಕ್ಟರು ಅದನ್ನು 26ಕ್ಕೆ ಇಳಿಸಿದರು. ಇಳಿದು ಬಂದ ಹುಡುಗ ಫೋರ್ಕನ್ನೇ ಬದಲಿಸಿಕೊಟ್ಟಂತೆ ಕುಣಿದ. ಸಾಹೇಬರಿಗೂ ಆಸೆ ಆಯಿತು, ಆದರೆ ಅವರ ತೂಕಕ್ಕೆ ಅಷ್ಟು ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಎರಡು ತೂತು ಬೀಳುವುದು ಖಂಡಿತ. 35ಕ್ಕೆ ನಿಲ್ಲಿಸಿದೆವು. ನಮ್ಮ ಸೀಮೆಯಲ್ಲಿ ನೆಗ್ಗಿಲ ಮುಳ್ಳಿನ ಕಾಟ ಮೊದಲೇ ಇದೆ, ಪಂಚರಿಗೆ ಇನ್ನೊಂದು ದಾರಿ ತೆರೆದುಕೊಡುವುದು ಬೇಡ.

ಎಲ್ಲರ ಫೋರ್ಕಿನ ಕಾಲಿಗೂ ಡಾಕ್ಟರು ಒಂದೊಂದು ಸಣ್ಣ ಜಿಪ್ ಟೈ ಕಟ್ಟಿದ್ದರು. ಫೋರ್ಕು ಒಳಗೆ ಹೋದಷ್ಟೂ ಅದು ಮೇಲೆ ಸರಿಯುತ್ತದೆ, ಎಷ್ಟು ಟ್ರಾವೆಲ್ ಬಳಕೆಯಾಯಿತು ಎಂದು ಅಳೆಯಬಹುದು. ಅಗ್ಗದ ಉಪಾಯ, ಆದರೆ ನಮ್ಮ ಜಗಳದ ಅರ್ಧವನ್ನು ಅದೇ ಮುಗಿಸಿತು. ಹುಡುಗ ಇಡೀ ಇಳಿಜಾರು ಇಳಿದಾಗ ಜಿಪ್ ಟೈ ಅರ್ಧವನ್ನೂ ಮುಟ್ಟಿರಲಿಲ್ಲ. ಅವನ ನೂರು ಮಿಲಿಮೀಟರಿನಲ್ಲಿ ಐವತ್ತಕ್ಕೂ ಹೆಚ್ಚು ಬರೀ ಶೋಭೆಗೆ. ಸಾಹೇಬರು ಕೊರಕಲಿನ ಎರಡನೇ ಏಣಿಗೇ ತಳ ಮುಟ್ಟಿಸಿದ್ದರು, ‘ಟಣ್’ ಎಂಬ ಸದ್ದು ಮೇಲೆ ನಿಂತ ನಮಗೂ ಕೇಳಿಸಿತು. ಹುಡುಗನ ದೂರು ‘ಭಾಳ ಬಿರುಸು’, ಸಾಹೇಬರ ದೂರು ‘ಭಾಳ ಮೆತ್ತಗ’. ಒಂದೇ ಮಾಡೆಲ್ಲಿನ ಮೇಲೆ, ಒಂದೇ ಬೆಳಿಗ್ಗೆ.

ಇಬ್ಬರೂ ಪ್ರಿಲೋಡ್ ತಿರುಪು ಹಿಡಿದು ಕೂತರು. ಈ ತಿರುಪಿನ ಬಗ್ಗೆ ಇರುವಷ್ಟು ಮೂಢನಂಬಿಕೆ ಸೈಕಲ್ಲಿನ ಬೇರಾವ ಭಾಗದ ಬಗ್ಗೆಯೂ ಇಲ್ಲ. ಬಲಕ್ಕೆ ತಿರುವಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದೇ ಎಲ್ಲರ ಎಣಿಕೆ. ಸ್ಪ್ರಿಂಗಿನ ಗಟ್ಟಿತನ ನಿಂತಿರುವುದು ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುರುಳಿಗಳ ಸಂಖ್ಯೆಯ ಮೇಲೆ. ತಿರುಪು ಮಾಡುವುದು ಅದನ್ನು ಮೊದಲೇ ಒಂದಿಷ್ಟು ಒತ್ತಿ ಇಡುವ ಕೆಲಸ. ಹಾಗೆ ಮಾಡಿದರೆ ಸವಾರ ಕೂತಾಗ ಫೋರ್ಕು ಕಡಿಮೆ ಕುಸಿಯುತ್ತದೆ, ನಿಜ. ಆದರೆ ಕಲ್ಲಿಗೆ ಬಡಿದಾಗ ಸ್ಪ್ರಿಂಗು ಹಳೆಯ ಸ್ಪ್ರಿಂಗೇ. ಸಾಹೇಬರು ಪೂರ್ತಿ ಬಿಗಿದು ಮತ್ತೆ ಇಳಿದರು, ‘ಟಣ್’ ಮತ್ತೆ ಕೇಳಿಸಿತು. ಹುಡುಗ ಪೂರ್ತಿ ಸಡಿಲಿಸಿದ, ಜಿಪ್ ಟೈ ಬೆರಳಗಲ ಮೇಲೇರಿತು ಅಷ್ಟೇ.

ಡಾಕ್ಟರ ಏರ್ ಫೋರ್ಕಿನಲ್ಲಿ ಈ ತಾಪತ್ರಯವಿಲ್ಲ. ಒಳಗಿರುವುದು ಗಾಳಿ. ಸವಾರ ಬದಲಾದರೆ ಶಾಕ್ ಪಂಪಿನಿಂದ ಒತ್ತಡ ಬದಲಿಸಬಹುದು. ಕೂತಾಗ ಟ್ರಾವೆಲ್ಲಿನ ಐದನೇ ಒಂದು ಭಾಗದಷ್ಟು ಕುಸಿದರೆ ಲೆಕ್ಕ ಸರಿ, ಅಂದರೆ ನೂರಕ್ಕೆ ಇಪ್ಪತ್ತು ಮಿಲಿಮೀಟರು. ಸಾಹೇಬರಿಗೊಂದು ಒತ್ತಡ, ಹುಡುಗನಿಗೊಂದು ಒತ್ತಡ ಇಟ್ಟು ಇಬ್ಬರನ್ನೂ ಇಳಿಸಿದೆವು. ಇಬ್ಬರೂ ಕೆಳಗೆ ನಿಂತು ಮೇಲಕ್ಕೆ ಕೈ ಬೀಸಿದರು, ಜಿಪ್ ಟೈ ಇಬ್ಬರದೂ ಹತ್ತಿರಹತ್ತಿರ ಒಂದೇ ಕಡೆ ನಿಂತಿತ್ತು. ಮೊದಲ ಸಲ ಇಬ್ಬರ ಅಭಿಪ್ರಾಯವೂ ಒಂದಾಯಿತು. ರಿಜಿಡ್ ಪಕ್ಷದ ಜಮಖಂಡಿಯವನು ಅದನ್ನು ಹತ್ತಿ ಇಳಿದು ಬಂದವನು ಏನೂ ಮಾತಾಡಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ಮೆಲ್ಲಗೆ ಕೇಳಿದ: ‘ಎಷ್ಟ್ ಬಿದ್ದೈತ್ರೀ ಡಾಕ್ಟ್ರ ಇದಕ್ಕ?’

ಆದರೆ ಆ ದಿನ ನನಗೆ ನಿಜವಾಗಿ ತಿಳಿದದ್ದು ಕೆಳಗಿನ ಎಡ ತಿರುವಿನಲ್ಲಿ. ಹುಡುಗ ತನ್ನದೇ ಸೈಕಲ್ಲಿನಲ್ಲಿ ಸ್ವಲ್ಪ ಹುರುಪಿನಿಂದ ಬಂದ. ಕೊರಕಲಿನ ಏಣುಗಳನ್ನು ಫೋರ್ಕು ನುಂಗಿತು, ಕೂಡಲೇ ಉಗುಳಿತು. ಒಂದು ಏಣಿನಿಂದ ಮೇಲೆದ್ದ ಮುಂಗಾಲಿ ನೆಲ ಮುಟ್ಟುವ ಮೊದಲೇ ಮುಂದಿನ ಏಣು ಬಂತು, ಮತ್ತೆ ಎತ್ತಿತು. ತಿರುವಿಗೆ ಬಂದಾಗ ಗಾಲಿ ನೆಲದ ಮೇಲೆ ಪೂರ್ತಿ ಇರಲಿಲ್ಲ, ಬ್ರೇಕ್ ಹಿಡಿದರೂ ಹಿಡಿಯಲಿಲ್ಲ. ಜಾಲಿಕಂಟಿ ಅವನನ್ನು ಬರಮಾಡಿಕೊಂಡಿತು. ಅಂಗಿ ಹರಿದದ್ದು ಬಿಟ್ಟರೆ ಪೆಟ್ಟೇನೂ ಆಗಲಿಲ್ಲ. ಮುಳ್ಳು ಕೀಳಲು ಡಾಕ್ಟರು ಇದ್ದರು.

ಸ್ಪ್ರಿಂಗು ಒತ್ತಿಕೊಂಡಾಗ ಏಟಿನ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಬಿಟ್ಟಾಗ ಹಾಗೇ ಹಿಂದಕ್ಕೆ ಕೊಡುತ್ತದೆ. ಒಳ್ಳೆಯ ಫೋರ್ಕಿನಲ್ಲಿ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಹಾಯಿಸಿ ಆ ವಾಪಸಾತಿಯನ್ನು ನಿಧಾನ ಮಾಡುತ್ತಾರೆ. ಇದೇ ರಿಬೌಂಡ್ ಡ್ಯಾಂಪಿಂಗು. ತೀರಾ ಅಗ್ಗದ ಫೋರ್ಕಿನಲ್ಲಿ ಅದು ಇರುವುದಿಲ್ಲ, ಒಳಗಿನ ತಿಕ್ಕಾಟವೇ ಡ್ಯಾಂಪರ್. ಒಂಟಿ ಗುಂಡಿಗೆ, ರೋಡ್ ಹಂಪಿಗೆ ಇದು ಗೊತ್ತೇ ಆಗುವುದಿಲ್ಲ. ಸಾಲುಗಲ್ಲಿನಲ್ಲಿ, ಅದೂ ಹಗುರ ಸವಾರನ ಕೆಳಗೆ, ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿ ‘ಭಾರಿ ಸಾಫ್ಟ್ ಐತಿ’ ಎನ್ನುತ್ತೇವಲ್ಲ, ಆಗ ನಾವು ನೋಡುವುದು ಕೆಳಗೆ ಹೋಗುವುದನ್ನು. ನೋಡಬೇಕಾದದ್ದು ಮೇಲೆ ಬರುವುದನ್ನು.

ಮುಳ್ಳು ಕೀಳುತ್ತಲೇ ಡಾಕ್ಟರು ಹಳೆಯ ಕತೆ ಹೇಳಿದರು. ಅಮೆರಿಕದಲ್ಲಿ ಮೋಟರ್‌ಸೈಕಲ್ ರೇಸಿನ ಹಿನ್ನೆಲೆಯ ಪಾಲ್ ಟರ್ನರ್ ರಾಕ್‌ಶಾಕ್ಸ್ ಕಂಪನಿ ಶುರು ಮಾಡಿ ತಂದ ಮೊದಲ ಫೋರ್ಕು ಆರ್‌ಎಸ್-1. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಗ್ರೆಗ್ ಹರ್ಬೋಲ್ಡ್ ಡೌನ್‌ಹಿಲ್ ಗೆದ್ದದ್ದು ಅದರ ಮೇಲೆಯೇ. ಆ ಫೋರ್ಕಿನ ಟ್ರಾವೆಲ್ಲು 50 ಮಿಲಿಮೀಟರೂ ಇರಲಿಲ್ಲ. ‘ಮತ್ತ ನಂದು ನೂರು ಐತಲ್ರಿ’ ಎಂದ ಹುಡುಗ, ಮುಳ್ಳಿನ ನೋವಿನಲ್ಲೂ. ‘ಅದರಾಗ ಗಾಳಿ ಇತ್ತು, ಎಣ್ಣಿ ಇತ್ತು, ನಿಂದರಾಗ ಏನೈತಿ?’ ಎಂದರು ಡಾಕ್ಟರು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುವ ನೂರು, ನೂರಿಪ್ಪತ್ತು ಎಂಬ ಅಂಕಿಗೆ ನಾವು ಬೀಳುತ್ತೇವೆ. ಡ್ಯಾಂಪಿಂಗಿಗೆ ಹಾಗೆ ಬರೆಯಲು ಅಂಕಿಯಿಲ್ಲ, ಅದೇ ಅದರ ದೌರ್ಭಾಗ್ಯ.

ವಾಪಸ್ ಬಂದು ನಮ್ಮ ಮೆಕ್ಯಾನಿಕ್ ಚಾಚಾನ ಅಂಗಡಿಯಲ್ಲಿ ಸಾಹೇಬರ ಫೋರ್ಕು ಬಿಚ್ಚಿಸಿದೆವು. ‘ಒಂದ್ ಬೋಲ್ಟ್ ಬಿಚ್ಚಿಲ್ಲ’ ಪಕ್ಷದ ನಾಯಕರು ಅವರೇ. ಚಾಚಾ ಮೊದಲು ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದ, ಸೀಲಿನ ಹತ್ತಿರ ಬೆರಳಿಟ್ಟು ನೋಡಿದ. ‘ಹೆಡ್‌ಸೆಟ್ ಚಲೋ ಐತಿ, ಅಲುಗೂದು ಬುಶ್ಶು.’ ಹೆಡ್‌ಸೆಟ್ ಎಂದರೆ ಹ್ಯಾಂಡಲ್ ತಿರುಗುವ ಬೇರಿಂಗು. ತಳದ ಬೋಲ್ಟುಗಳನ್ನು ಸಡಿಲಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಕೆಳಗಿನ ಕಾಲುಗಳು ಕಳಚಿ ಬಂದವು. ಒಂದರೊಳಗೆ ಸ್ಪ್ರಿಂಗು, ಇನ್ನೊಂದರೊಳಗೆ ಲಾಕ್‌ಔಟಿನ ಕಡ್ಡಿ. ಗ್ರೀಸು ಇರಬೇಕಾದಲ್ಲಿ ಮಸಾರಿ ಧೂಳು ಕೂಡಿದ ಕೆಂಪು ಲೇಪ, ವಾಲ್ವ್ ಗ್ರೈಂಡ್ ಮಾಡುವ ಪೇಸ್ಟಿನ ಹಾಗೆ ಒರಟು. ಕ್ರೋಮ್ ಹಚ್ಚಿದ ಉಕ್ಕಿನ ಮೇಲುಗಾಲಿನಲ್ಲಿ ಉದ್ದುದ್ದ ಗೀರು, ಒಂದೆರಡು ಕಡೆ ತುಕ್ಕಿನ ಚುಕ್ಕೆ. ಸೈಕಲ್ ತೊಳೆಯಲು ಅವರು ಕಾರಿನ ವಾಟರ್ ಸರ್ವಿಸಿಗೆ ಒಯ್ಯುತ್ತಿದ್ದರಂತೆ. ಜೋರು ನೀರಿನ ಪೈಪು ಸೀಲಿನ ಕೆಳಗೆ ಧೂಳನ್ನೂ ನೀರನ್ನೂ ತಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಹೊಸ ಗ್ರೀಸು ಹಚ್ಚಿದ್ದರೆ ಇದೇ ಫೋರ್ಕು ಇನ್ನಷ್ಟು ಮೃದುವಾಗಿ ನಡೆಯುತ್ತಿತ್ತು. ಅಗ್ಗದ ಫೋರ್ಕನ್ನು ಬೈಯುವವರು ಹೆಚ್ಚಾಗಿ ಬೈಯುವುದು ಒಣಗಿದ ಫೋರ್ಕನ್ನು ಎಂಬ ಗುಮಾನಿ ನನಗೆ ಅಲ್ಲೇ ಬಂತು.

ಹುಡುಗನಿಗೆ ಏರ್ ಫೋರ್ಕಿನ ಹುಚ್ಚು ಹತ್ತಿತ್ತು. ಚಾಚಾ ಟೇಪು ಹಿಡಿದು ಅವನ ಸೈಕಲ್ಲಿನ ತಲೆ ಅಳೆದ. ಸ್ಟೀರರು ಎಂದರೆ ಆ ತಲೆಯೊಳಗೆ ಕೂರುವ ಫೋರ್ಕಿನ ಕೊಳವೆ. ಅದು ನೇರ ಸ್ಟೀರರಿನ ಫ್ರೇಮು, 28.6 ಮಿಲಿಮೀಟರಿನದು. ಡಾಕ್ಟರದು ಕೆಳಗೆ ದಪ್ಪವಾಗುವ ಟೇಪರ್ಡ್ ಸ್ಟೀರರು, ಅದು ಇವನಿಗೆ ಕೂರುವುದೇ ಇಲ್ಲ. ಗಾಲಿ ಹಿಡಿಯುವ ಆಕ್ಸಲ್ಲೂ ಬೇರೆ, ಅವರದು 15 ಮಿಲಿಮೀಟರಿನ ದಪ್ಪ ಥ್ರೂ ಆಕ್ಸಲ್, ಇವನದು ಸನ್ನೆ ಎತ್ತಿ ಬಿಚ್ಚುವ ತೆಳು ಕ್ವಿಕ್ ರಿಲೀಸು, ಅಂದರೆ ಗಾಲಿಯ ಹಬ್ಬೂ ಬದಲಾಗಬೇಕು. ನೇರ ಸ್ಟೀರರಿಗೆ, ಕ್ವಿಕ್ ರಿಲೀಸಿಗೆ ಹೊಂದುವ ಏರ್ ಫೋರ್ಕು ಹುಡುಕಿದರೆ ಸಿಗುತ್ತದೆ, ಆದರೆ ಬೆಲೆ ಕೇಳಿದಾಗ ಅದು ಅವನ ಸೈಕಲ್ಲಿನ ಬೆಲೆಯ ಅರ್ಧ ದಾಟಿತು. ‘ಆ ರೊಕ್ಕ ಕೂಡಿಸಿ ಸೈಕಲ್ಲೇ ತಗೋ, ಮಗಾ’ ಎಂದ ಚಾಚಾ. ನನ್ನ ಮತವೂ ಅದೇ. ಮೊದಲ ವರ್ಷ ಇರುವ ಫೋರ್ಕಿನಲ್ಲೇ ತುಳಿ, ಟೈರ್ ಗಾಳಿ ನೋಡಿಕೋ, ಗುಡ್ಡದ ಚಟ ಉಳಿದರೆ ಮುಂದಿನ ಸೈಕಲ್ಲಿನಲ್ಲಿ ರಿಬೌಂಡ್ ತಿರುಪು ಇದೆಯೋ ಇಲ್ಲವೋ ಎಂದು ಮೊದಲು ಕೇಳು ಎಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ಕಣ್ಣು ಡಾಕ್ಟರ ಸೈಕಲ್ಲಿನ ಮೇಲೇ ಇತ್ತು.

ಸಾಹೇಬರದು ಇನ್ನೂ ಸುಲಭವಾಗಿ ಬಗೆಹರಿಯಿತು. ಅವರ ಮಾಡೆಲ್ಲಿಗೆ ಗಟ್ಟಿ ಸ್ಪ್ರಿಂಗು ಬೇರೆಯಾಗಿ ಸಿಗುತ್ತದೆ ಎಂದು ಚಾಚಾ ಫೋನಿನಲ್ಲಿ ವಿಚಾರಿಸಿ ಹೇಳಿದ, ಬೆಲೆ ಒಂದು ಒಳ್ಳೆಯ ಟೈರಿಗಿಂತ ಕಡಿಮೆ. ಸಾಹೇಬರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ತಿಂಗಳಿಗೆ ಎಷ್ಟು ಸಲ ಗುಡ್ಡಕ್ಕೆ ಬರುತ್ತೇನೆ, ಎಷ್ಟು ಸಲ ಬ್ಯಾಂಕಿಗೆ ಹೋಗುತ್ತೇನೆ ಎಂದು ಬಾಯಲ್ಲೇ ಎಣಿಸಿ, ‘ಗ್ರೀಸ್ ಹಚ್ಚಿ ಕೂಡಿಸ್ರಿ ಚಾಚಾ, ಸ್ಪ್ರಿಂಗ್ ಆಮ್ಯಾಲ ನೋಡೂಣು’ ಎಂದರು. ಕೂಡಿಸಿದ ಮೇಲೆ ಅಂಗಡಿ ಮುಂದಿನ ಮೆಟ್ಟಿಲ ಮೇಲಿಂದ ಸೈಕಲ್ ಇಳಿಸಿ ನೋಡಿ, ಮುಖವರಳಿಸಿ ಜಮಖಂಡಿಯವನ ಕಡೆ ತಿರುಗಿದರು: ‘ನಾ ಮೊದಲಿಂದ ಹೇಳ್ಕೋತ ಬಂದೇನಿ, ಫೋರ್ಕ್ ಚಲೋ ಐತಿ ಅಂತ.’

ಅವನು ಬಾಯಿ ತೆರೆಯುವುದರೊಳಗೆ ಡಾಕ್ಟರು ಎಲ್ಲರಿಗೂ ಚಹಾ ಹೇಳಿದರು.