ತಂಬೋಲಾ ಸೆಟ್ ಮತ್ತು ನಂಬರ್ ಕೂಗುವ ಅಭ್ಯಾಸ: ಇಲ್ಲಿವರೆಗೆ ಆದದ್ದು

ಬೆಳಗಾವಿಯ ನಮ್ಮ ಗಲ್ಲಿಯ ಮಹಿಳಾ ಮಂಡಳಕ್ಕೆ ಒಂದು ತಂಬೋಲಾ ಸೆಟ್ ತಯಾರಾಗುತ್ತಿದೆ. ಕೂಗುವವರು ಚೀಲದಿಂದ ಒಂದೊಂದೇ ನಂಬರಿನ ಬಿಲ್ಲೆ ತೆಗೆದು ಕೂಗುವುದು, ಆಡುವವರು ತಮ್ಮ ಟಿಕೆಟ್‌ನಲ್ಲಿ ಆ ನಂಬರ್ ಇದ್ದರೆ ಮುಚ್ಚುವುದು, ಇಷ್ಟೇ ತಂಬೋಲಾ. ಟಿಕೆಟ್, ಬಿಲ್ಲೆ, ಹಲಗೆ, ಚೀಲ ಎಲ್ಲವೂ ಕೈಯಿಂದ ಮಾಡಿದ್ದೇ. ಜೊತೆಗೆ ನಾನು ನಂಬರ್ ಕೂಗುವುದನ್ನು ಕಲಿಯುತ್ತಿದ್ದೇನೆ. ಗಣಪತಿ ಹಬ್ಬದ ಹೊತ್ತಿಗೆ ಒಂದು ಪೂರ್ತಿ ಆಟ ಆಡಿಸಬೇಕು ಅಂದುಕೊಂಡಿದ್ದೆ. ಅದು ಆಯಿತು. ದೊಡ್ಡ ಆಟ ದೀಪಾವಳಿಗೆ.

ನಂಬರ್ ಕೂಗುವ ಆ್ಯಪ್ ಮೊಬೈಲಿನಲ್ಲೇ ಸಿಗುತ್ತದೆ, ಮತ್ತೆ ಇಷ್ಟೆಲ್ಲ ಯಾಕೆ ಅಂತ ಮನೆಯವರು ಕೇಳಿದರು. ನಮ್ಮ ಮಂಡಳದಲ್ಲಿ ಎಂಬತ್ತು ದಾಟಿದ ಅಜ್ಜಿಯರಿದ್ದಾರೆ. ಅವರ ಪಕ್ಕದಲ್ಲೇ ಮೂರನೇ ಕ್ಲಾಸಿನ ಮೊಮ್ಮಕ್ಕಳು ಕೂರುತ್ತಾರೆ. ಮನೆಯಲ್ಲಿ ಮರಾಠಿ ಮಾತಾಡುವವರೂ ಇದ್ದಾರೆ. ಇವರೆಲ್ಲ ಒಂದೇ ಆಟದಲ್ಲಿ ಸರಿಸಮನಾಗಿ ಕೂರಬೇಕು ಅಂದರೆ ಕೂಗುವವರು ಎದುರಿಗೆ ಇರಬೇಕು. ಯಾರು ಇನ್ನೂ ಹುಡುಕುತ್ತಿದ್ದಾರೆ ಅಂತ ನೋಡಿ ನಿಲ್ಲಬೇಕು. ತಂಬೋಲಾದಲ್ಲಿ ಆಡುವವರ ಕೈಯಲ್ಲಿ ಇರುವುದು ಕಡಿಮೆ. ಆಟ ರಂಗೇರುವುದು, ಬೇಸರ ತರಿಸುವುದು ಎರಡೂ ಕೂಗುವವರಿಂದಲೇ. ಅದಕ್ಕೇ ಇದನ್ನು ಸರಿಯಾಗಿ ಕಲಿಯಬೇಕು ಅನಿಸಿತು.

ಶ್ರಾವಣದ ಶುರು: ಯಾವ ಆಟ, ಯಾವ ಮಾತು

ಬಿಂಗೋ ಅನ್ನುವ ಹೆಸರಲ್ಲಿ ಎರಡು ಬೇರೆ ಆಟಗಳಿವೆ. ಅಮೆರಿಕದ್ದು 75 ನಂಬರಿನದು. ಅಡ್ಡ ಐದು, ಉದ್ದ ಐದು ಮನೆ. ನಟ್ಟನಡುವಿನ ಮನೆ ಸುಮ್ನೆ ಸಿಗುತ್ತದೆ, ಉಳಿದ 24 ಮನೆಗಳಲ್ಲಿ ನಂಬರ್. 1929ರಲ್ಲಿ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿ ಜಾರ್ಜಿಯಾದ ಒಂದು ಜಾತ್ರೆಯಲ್ಲಿ ಜನ ಕಾಳು ಇಟ್ಟು ಆಡುವುದನ್ನು ನೋಡಿ, ಅದನ್ನು ಊರೂರಿಗೆ ಮುಟ್ಟಿಸಿದ. ಬ್ರಿಟನ್ನಿನದು 90 ನಂಬರಿನದು. ಅದರ ಬೇರು ಇಟಲಿಯ ಲಾಟರಿಯಲ್ಲಿದೆ, 1530ರಷ್ಟು ಹಳೆಯದು. ನಮ್ಮ ತಂಬೋಲಾ ಅಥವಾ ಹೌಸಿ ಈ ಎರಡನೇ ಮನೆತನಕ್ಕೆ ಸೇರಿದ್ದು. ಬ್ರಿಟಿಷ್ ಸೈನಿಕರು ಇದನ್ನು ತುಂಬಾ ಆಡುತ್ತಿದ್ದರು. ನಮ್ಮಲ್ಲೂ ಸೈನ್ಯದ ಮೆಸ್ಸು, ಕ್ಲಬ್ಬುಗಳಲ್ಲಿ ಇದು ಇವತ್ತಿಗೂ ನಡೆಯುತ್ತದೆ.

ಬೆಳಗಾವಿಯಲ್ಲಿ ಇದು ದೊಡ್ಡ ಅನುಕೂಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇಲ್ಲೇ ಇದೆ, ಸೈನ್ಯದಿಂದ ನಿವೃತ್ತರಾದವರು ಗಲ್ಲಿಗೊಬ್ಬರು ಸಿಗುತ್ತಾರೆ. ನಮ್ಮ ಓಣಿಯ ಕಾಕಾ ಒಬ್ಬರು ಮೆಸ್ಸಿನಲ್ಲಿ ವರ್ಷಗಟ್ಟಲೆ ಆಡಿದವರು. ಆಟದ ಮಾತುಗಳನ್ನು ಅವರೇ ಹೇಳಿಕೊಟ್ಟರು. ಎಲ್ಲರಿಗಿಂತ ಮೊದಲು ಯಾವುದಾದರೂ ಐದು ನಂಬರ್ ಮುಚ್ಚಿದರೆ ಅರ್ಲಿ ಫೈವ್. ಆಮೇಲೆ ಟಾಪ್ ಲೈನ್, ಮಿಡಲ್ ಲೈನ್, ಬಾಟಮ್ ಲೈನ್, ನಾಲ್ಕು ಕಾರ್ನರ್. ಟಿಕೆಟ್‌ನ ಹದಿನೈದೂ ನಂಬರ್ ಮುಚ್ಚಿದರೆ ಫುಲ್ ಹೌಸ್. ಬಹುಮಾನ ನನ್ನದು ಅಂತ ತಪ್ಪು ಕ್ಲೇಮ್ ಮಾಡಿದರೆ ಬೋಗಿ, ಆ ಟಿಕೆಟ್ ಆಟದಿಂದ ಹೊರಗೆ. ನಾವು ಅರ್ಲಿ ಫೈವಿಗೆ ಮೊದಲೈದು ಅಂತೀವಿ, ಲೈನುಗಳಿಗೆ ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು. ಫುಲ್ ಹೌಸ್ ಮಾತ್ರ ಹಾಗೇ ಉಳಿಯಿತು, ಅಜ್ಜಿಯರಿಗೂ ಅದೇ ಬಾಯಿಗೆ ಹತ್ತಿದೆ.

ಟಿಕೆಟ್ ಕಟ್ಟುವ ಕೆಲಸ

ಈ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಅಂಗಡಿಯಲ್ಲಿ ಟಿಕೆಟ್ ಪುಸ್ತಕ ಸಿಗುತ್ತದೆ, ಆದರೆ ಅದರ ಅಕ್ಷರ ಸಣ್ಣದು, ಒಂದು ಸಲ ಗೀಚಿದರೆ ಮುಗಿಯಿತು. ನಮಗೆ ದೊಡ್ಡ ಅಂಕಿಯ, ಮತ್ತೆ ಮತ್ತೆ ಆಡಬಹುದಾದ ಟಿಕೆಟ್ ಬೇಕಿತ್ತು.

ಟಿಕೆಟ್‌ನಲ್ಲಿ ಮೂರು ಸಾಲು, ಒಂಬತ್ತು ಕಾಲಂ, ಒಟ್ಟು 27 ಮನೆ. ಪ್ರತಿ ಸಾಲಿನಲ್ಲಿ ಐದೇ ನಂಬರ್. ಹಾಗಾಗಿ 15 ನಂಬರ್, 12 ಖಾಲಿ ಮನೆ. ಮೊದಲ ಕಾಲಂನಲ್ಲಿ 1ರಿಂದ 9, ಎರಡನೆಯದರಲ್ಲಿ 10ರಿಂದ 19, ಹೀಗೆ ಹೋಗಿ ಕೊನೆಯದರಲ್ಲಿ 80ರಿಂದ 90. ಯಾವ ಕಾಲಮ್ಮೂ ಪೂರ್ತಿ ಖಾಲಿ ಇರಬಾರದು. ಕಾಲಂ ಒಳಗೆ ಸಣ್ಣ ನಂಬರ್ ಮೇಲೆ, ದೊಡ್ಡದು ಕೆಳಗೆ. ಹುಡುಕುವುದು ಸುಲಭವಾಗುವುದು ಇದರಿಂದಲೇ. ನಲವತ್ತೇಳು ಅಂತ ಕೂಗಿದರೆ ಐದನೇ ಕಾಲಂ ಒಂದನ್ನು ನೋಡಿದರೆ ಸಾಕು.

ನಾನು ಕಟ್ಟಿದ ಒಂದು ಟಿಕೆಟ್ ಹೀಗಿದೆ. ಮೇಲಿನ ಸಾಲು 4, 22, 39, 56, 81. ನಡುವಿನದು 8, 12, 59, 61, 90. ಕೆಳಗಿನದು 17, 28, 40, 63, 75. ನಾಲ್ಕು ಕಾರ್ನರ್ ಅಂದರೆ ಇಲ್ಲಿ 4, 81, 17, 75. ಕೆಳಗಿನ ಸಾಲಿನ ಮೂಲೆ ಮನೆಗಳು ಎರಡೂ ಖಾಲಿ ಇವೆ, ನೋಡಿ. ಮೂಲೆ ಅಂದರೆ ಮನೆಯ ಮೂಲೆ ಅಲ್ಲ, ಮೇಲಿನ ಮತ್ತು ಕೆಳಗಿನ ಸಾಲಿನ ಮೊದಲ ಹಾಗೂ ಕೊನೆಯ ನಂಬರ್. ಹೊಸಬರಿಗೆ ಇದನ್ನು ಆಟದ ಮೊದಲೇ ಟಿಕೆಟ್ ತೋರಿಸಿ ಹೇಳಬೇಕು.

ಬಿಡಿ ಟಿಕೆಟ್ ಕಟ್ಟುವುದು ಸುಲಭ. ಆರು ಟಿಕೆಟ್ ಸೇರಿದ ಪಟ್ಟಿ ಕಟ್ಟುವುದು ನಿಜವಾದ ಕೆಲಸ. ಆರು ಹದಿನೈದಲೇ ತೊಂಬತ್ತು. ಅಂದರೆ 1ರಿಂದ 90ರವರೆಗೆ ಪ್ರತಿ ನಂಬರ್ ಆ ಪಟ್ಟಿಯಲ್ಲಿ ಒಂದೇ ಒಂದು ಸಲ ಬರಬೇಕು. ನಾನು ಮೊದಲು ನಂಬರ್ ಮರೆತು ಬರೀ ಲೆಕ್ಕ ಹಾಕಿದೆ. ಪ್ರತಿ ಟಿಕೆಟ್‌ಗೆ ಪ್ರತಿ ಕಾಲಂನಲ್ಲಿ ಒಂದೊಂದು ಕೊಟ್ಟರೆ ಒಂಬತ್ತಾಯಿತು, ಇನ್ನೂ ಆರು ಬೇಕು. ಆರು ಟಿಕೆಟ್‌ಗೆ 36. ಆ ಕಡೆ ಮೊದಲ ಕಾಲಂನಲ್ಲಿ ಒಂಬತ್ತೇ ನಂಬರ್ ಇರುವುದರಿಂದ ಹಂಚಿ ಉಳಿಯುವುದು 3. ಕೊನೆಯದರಲ್ಲಿ ಹನ್ನೊಂದು, ಉಳಿಯುವುದು 5. ನಡುವಿನ ಏಳು ಕಾಲಂನಲ್ಲಿ ನಾಲ್ಕು ನಾಲ್ಕು, ಅಂದರೆ 28. ಕೂಡಿಸಿದರೆ ಸರಿಯಾಗಿ 36! ಇದು ತಾಳೆಯಾದಾಗ ಆದ ಸಂತೋಷ ಹೇಳತೀರದು. ಈ ಆಟವನ್ನು ರೂಪಿಸಿದವರು ಎಷ್ಟು ಅಚ್ಚುಕಟ್ಟಾಗಿ ಯೋಚಿಸಿದ್ದಾರೆ ಅಲ್ವಾ?

ಹಂಚಿಕೆ ಆದಮೇಲೆ ಸಾಲಿಗೆ ಐದರಂತೆ ಮನೆ ಗುರುತು ಮಾಡುವುದು, ಕೊನೆಗೆ ನಂಬರ್ ತುಂಬುವುದು. ಪರೀಕ್ಷೆಗೆ ಒಂದು ಉಪಾಯ ಇದೆ. 1ರಿಂದ 90ರವರೆಗಿನ ಮೊತ್ತ 4095. ಆರೂ ಟಿಕೆಟ್‌ನ ನಂಬರ್ ಕೂಡಿಸಿದಾಗ ಅಷ್ಟು ಬರದಿದ್ದರೆ ಎಲ್ಲೋ ಒಂದು ನಂಬರ್ ಎರಡು ಸಲ ಬಂದಿದೆ, ಇನ್ನೊಂದು ಬಿಟ್ಟುಹೋಗಿದೆ. ಇಂಥ ಎರಡು ಪಟ್ಟಿ ಸಿದ್ಧವಾಗಿವೆ.

ಮುಚ್ಚಲು ಪೆನ್ನು ಬೇಡ. ಚೌಕಾಬಾರಕ್ಕೆ ಅಂತ ಒಡೆದಿಟ್ಟ ಹುಣಸೆ ಬೀಜ ಪ್ರತಿ ಮನೆಯಲ್ಲೂ ಇರುತ್ತದೆ. ಅದರ ಒಂದು ಮೈ ಚಪ್ಪಟೆ, ಫ್ಯಾನಿನ ಗಾಳಿಗೆ ಹಾರುವುದಿಲ್ಲ, ಉರುಳುವುದೂ ಇಲ್ಲ. ಬಿಲ್ಲೆಗಳನ್ನು ಹಳೇ ಲಗ್ನಪತ್ರಿಕೆಯ ದಪ್ಪ ರಟ್ಟಿನಿಂದ ಕತ್ತರಿಸಿದೆವು. 6 ಮತ್ತು 9ರ ಕೆಳಗೆ ಗೆರೆ ಎಳೆಯಲೇಬೇಕು. 68ನ್ನು ತಿರುವಿ ಹಿಡಿದರೆ 89 ಆಗುತ್ತದೆ, 18 ತಿರುವಿದರೆ 81. ಹೀಗಾಗಿ ಎಲ್ಲ ಬಿಲ್ಲೆಗೂ ಗೆರೆ ಎಳೆದುಬಿಟ್ಟೆವು. ಚೀಲವನ್ನು ಅತ್ತೆ ಗುಳೇದಗುಡ್ಡದ ಖಣದ ತುಂಡಿನಲ್ಲಿ ಹೊಲಿದುಕೊಟ್ಟರು.

ಕೂಗು

ಇಂಗ್ಲಿಷ್ ಕೂಗಿನಲ್ಲಿ ಪ್ರತಿ ನಂಬರಿಗೂ ಒಂದು ಅಡ್ಡಹೆಸರಿದೆ. 11 ಅಂದರೆ ಎರಡು ಕಾಲು, 22 ಅಂದರೆ ಎರಡು ಬಾತುಕೋಳಿ, 90 ಅಂದರೆ ಅಂಗಡಿಯ ತುದಿ. 88ಕ್ಕೆ ದಪ್ಪ ಹೆಂಗಸರಿಬ್ಬರು ಅಂತಾರೆ. ಹೆಣ್ಣುಮಕ್ಕಳು ಖುಷಿಯಿಂದ ಕೂತ ಜಾಗದಲ್ಲಿ ಯಾರ ಮೈಕಟ್ಟನ್ನೂ ಎತ್ತಿ ಆಡುವುದು ನನಗೆ ಬೇಡ. ಹಾಗಾಗಿ ನಮ್ಮ ಊರಿನ ಹೆಸರುಗಳನ್ನೇ ಕಟ್ಟತೊಡಗಿದೆ.

ಪುರಾಣದ ಹೆಸರುಗಳು ತಾವಾಗಿಯೇ ಬಂದವು. 5 ಪಾಂಡವರು, 18 ಭಾರತದ ಪರ್ವ, 27 ನಕ್ಷತ್ರ, 60 ಸಂವತ್ಸರ, 64 ವಿದ್ಯೆ. 63ಕ್ಕೆ, ಅರವತ್ತಮೂರು ಶಿವಭಕ್ತರ ನೆನಪಿಗೆ, ಅಜ್ಜಿಯೊಬ್ಬರು ಕೂತಲ್ಲಿಂದಲೇ “ಪುರಾತನರು ಅನ್ನವಾ” ಅಂದರು. 12 ಬಸವಣ್ಣನವರ ಶತಮಾನ. 56 ಏಕೀಕರಣ, 73 ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ವರ್ಷ. 8 ಕನ್ನಡದ ಜ್ಞಾನಪೀಠಗಳು. ಆ ಎಂಟರಲ್ಲಿ ಕಂಬಾರರು ನಮ್ಮ ಜಿಲ್ಲೆಯ ಘೋಡಗೇರಿಯವರು ಅಂತ ಹೇಳುವುದನ್ನು ನಾನು ಬಿಡುವುದಿಲ್ಲ.

ಮಕ್ಕಳಿಗೆ ಇವೆಲ್ಲ ಅಷ್ಟಾಗಿ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಗಾಡಿಯ ನಂಬರ್ ಪ್ಲೇಟು! 22 ಬೆಳಗಾವಿ, 23 ಚಿಕ್ಕೋಡಿ, 25 ಧಾರವಾಡ, 28 ವಿಜಯಪುರ, 29 ಬಾಗಲಕೋಟೆ, 49 ಗೋಕಾಕ. ಇದು ಹತ್ತಿದ ಮೇಲೆ ಹುಡುಗರು ರಸ್ತೆಯಲ್ಲೇ ಅಭ್ಯಾಸ ಶುರು ಮಾಡಿದ್ದಾರೆ. 48ಕ್ಕೆ ಇಬ್ಬರು ಹಕ್ಕುದಾರರು, ಜಮಖಂಡಿಯ ಪ್ಲೇಟು ಒಂದು, ನಮ್ಮ ಊರಿನ ಪಕ್ಕ ಹೋಗುವ ಹೆದ್ದಾರಿ ಇನ್ನೊಂದು. ಹೆದ್ದಾರಿಯ ಹಳೇ ನಂಬರ್ 4 ಆಗಿತ್ತು. ಅದಕ್ಕೇ 4ಕ್ಕೆ ಹಳೇ ಹೆದ್ದಾರಿ, 48ಕ್ಕೆ ಹೊಸ ಹೆದ್ದಾರಿ ಅಂತ ತೀರ್ಮಾನಿಸಿದೆವು. ಜಮಖಂಡಿ ತವರಿನವರೊಬ್ಬರು ಇನ್ನೂ ಒಪ್ಪಿಲ್ಲ.

24 ಮಾತ್ರ ಎಲ್ಲರದ್ದೂ. 1824ರಲ್ಲಿ ಕಿತ್ತೂರಿನ ಕೋಟೆ ಮುಂದೆ, ರಾಣಿ ಚೆನ್ನಮ್ಮನ ಸೈನ್ಯದ ಎದುರು, ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತುಬಿದ್ದ. ನೂರು ವರ್ಷದ ಮೇಲೆ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಇನ್ನು ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲದ ಗಾಡಿ ನಂಬರ್ ಯಾವುದು? ಅದೂ 24! ಈ ಬಿಲ್ಲೆ ಕೈಗೆ ಬಂದಾಗ ನಾನು “ಎರಡು ನಾಲ್ಕು” ಅನ್ನುವುದರೊಳಗೆ ಎಲ್ಲರೂ “ಚೆನ್ನಮ್ಮ” ಅಂತ ಕೂಗಿಬಿಡುತ್ತಾರೆ.

ಕೂಗುವ ಕ್ರಮ ಈಗ ಹೀಗೆ ನಿಂತಿದೆ. ಮೊದಲು ಬಿಡಿ ಅಂಕಿ, ಆಮೇಲೆ ಪೂರ್ತಿ ನಂಬರ್, ಕೊನೆಗೆ ಹೆಸರು. “ಆರು ಮೂರು, ಅರವತ್ತಮೂರು, ಪುರಾತನರು.” ಹೆಸರು ಮೊದಲು ಹೇಳಿದರೆ ಹೊಸಬರು ನಂಬರ್ ಏನು ಅಂತ ಯೋಚಿಸುತ್ತಾ ಕೂತುಬಿಡುತ್ತಾರೆ. ಎಪ್ಪತ್ತು, ಎಂಬತ್ತು, ತೊಂಬತ್ತು ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ, ಬಿಡಿ ಅಂಕಿ ಆ ತೊಂದರೆಯನ್ನು ತೆಗೆಯುತ್ತದೆ. ಮರಾಠಿ ಮನೆಯವರಿಗೂ ಇದರಿಂದ ಹಗುರಾಯಿತು.

ಗಣಪತಿ ಹಬ್ಬದ ಆಟ

ಹನ್ನೆರಡು ಟಿಕೆಟ್, ಎರಡೂ ಪಟ್ಟಿ ಪೂರ್ತಿ. ಹಣ ಹಚ್ಚಿ ಆಡುವುದಿಲ್ಲ ಅಂತ ಮೊದಲೇ ನಿರ್ಧಾರವಾಗಿತ್ತು. ಟಿಕೆಟ್‌ಗೂ ದುಡ್ಡಿಲ್ಲ. ಬಹುಮಾನಕ್ಕೆ ಒಬ್ಬೊಬ್ಬರು ಒಂದೊಂದು ತಂದಿದ್ದರು. ಸಾಲುಗಳಿಗೆ ಸ್ಟೀಲ್ ಡಬ್ಬಿ, ಕಾರ್ನರಿಗೆ ಕರದಂಟು, ಫುಲ್ ಹೌಸಿಗೆ ಕುಂದಾ.

ಪಟ್ಟಿಯ ಗುಣ ಆಡುವಾಗ ಚೆನ್ನಾಗಿ ಕಂಡಿತು. ಒಂದು ಪಟ್ಟಿಯ ಆರೂ ಟಿಕೆಟ್ ಹಂಚಿದ್ದರೆ ಪ್ರತಿ ಕೂಗಿಗೂ ಅವರಲ್ಲಿ ಯಾರೋ ಒಬ್ಬರಿಗೆ ನಂಬರ್ ಸಿಕ್ಕೇ ಸಿಗುತ್ತದೆ. ಒಂದು ಕೂಗೂ ವ್ಯರ್ಥವಾಗುವುದಿಲ್ಲ. ಇನ್ನೊಂದು ಲಾಭ ಜಗಳ ಕಡಿಮೆ. ಒಂದೇ ಪಟ್ಟಿಯ ಇಬ್ಬರು ಒಂದೇ ನಂಬರಿಗೆ ಕ್ಲೇಮ್ ಮಾಡಲು ಸಾಧ್ಯವೇ ಇಲ್ಲ. ನಮ್ಮಲ್ಲಿ ಎರಡು ಪಟ್ಟಿ ಇದ್ದದ್ದರಿಂದ ಹೆಚ್ಚೆಂದರೆ ಇಬ್ಬರು. ಹಾಗಾದರೆ ಬಹುಮಾನ ಹಂಚಿಕೊಳ್ಳಬೇಕು.

ಕ್ಲೇಮಿನ ನಿಯಮ ಕಾಕಾ ಹೇಳಿದಂತೆಯೇ ಇಟ್ಟೆವು. ಕೊನೆಗೆ ಕೂಗಿದ ನಂಬರಿನಿಂದ ಸಾಲು ತುಂಬಿರಬೇಕು, ಮುಂದಿನ ನಂಬರ್ ಕೂಗುವ ಮೊದಲೇ ಕೈ ಎತ್ತಬೇಕು. ಕೈ ಎತ್ತಿದವರು ನಂಬರ್ ಓದುತ್ತಾರೆ, ನಾನು ಹಲಗೆ ನೋಡಿ ಹೌದು ಅನ್ನುತ್ತೇನೆ. ಹಲಗೆಯಲ್ಲಿ 90 ಮನೆಗಳಿವೆ, ಕೂಗಿದ ಬಿಲ್ಲೆ ಆಯಾ ಮನೆಗೆ ಹೋಗಿ ಕೂರುತ್ತದೆ. ಅದಕ್ಕೇ ಪರಿಶೀಲನೆ ಕ್ಷಣದಲ್ಲಿ ಮುಗಿಯುತ್ತದೆ. ಬೋಗಿಯ ಶಿಕ್ಷೆ ಅಜ್ಜಿಯರಿಗೆ ಮತ್ತು ಮಕ್ಕಳಿಗೆ ಇಲ್ಲ ಅಂತ ನಾನೇ ಹೇಳಿದೆ. ಕಾಕಾ ಮೊದಲು ತಲೆ ಅಲ್ಲಾಡಿಸಿದರು, ಆಮೇಲೆ “ಆಗಲಿ ಬಿಡವಾ, ಇದು ಮೆಸ್ ಅಲ್ಲ” ಅಂದರು.

ಬಹುಮಾನಗಳ ನಡುವಿನ ಅಂತರವನ್ನೂ ಲೆಕ್ಕ ಹಾಕಿ ನೋಡಿದೆ. ಒಂದೇ ಟಿಕೆಟ್ ಹಿಡಿದರೆ ಐದು ನಂಬರ್ ಮುಚ್ಚಲು ಸರಾಸರಿ 28 ಕೂಗು ಬೇಕು. ಇಂಥದ್ದೇ ಅಂತ ಗೊತ್ತು ಮಾಡಿದ ಒಂದು ಸಾಲು ತುಂಬಲು ಸುಮಾರು 76, ಫುಲ್ ಹೌಸಿಗೆ 85. ಟಿಕೆಟ್ ಜಾಸ್ತಿ ಇದ್ದಷ್ಟೂ ಯಾರಾದರೊಬ್ಬರು ಇದಕ್ಕಿಂತ ಬೇಗ ಮುಗಿಸುತ್ತಾರೆ. ಆದರೂ ಮೊದಲೈದು ಆದಮೇಲೆ ಸಾಲುಗಳು ಬರುವವರೆಗೆ ಒಂದು ದೊಡ್ಡ ಬಯಲು ಇದ್ದೇ ಇರುತ್ತದೆ. ಅಲ್ಲಿ ಮಕ್ಕಳು ಕದಲುತ್ತಾರೆ. ಹೆಸರುಗಳು ಕೆಲಸಕ್ಕೆ ಬರುವುದು ಆ ಹೊತ್ತಿನಲ್ಲೇ. ಬೇಕಿದ್ದರೆ ಹತ್ತು ನಂಬರ್ ಮುಚ್ಚಿದವರಿಗೆ ಒಂದು ಸಣ್ಣ ಬಹುಮಾನ ಸೇರಿಸಬಹುದು.

ದೀಪಾವಳಿಗೆ ಮುನ್ನ

ಇನ್ನೂ ಎರಡು ಪಟ್ಟಿ ಕಟ್ಟಬೇಕು, ಅಲ್ಲಿಗೆ 24 ಟಿಕೆಟ್ ಆಗುತ್ತವೆ. ಕಣ್ಣು ಮಂಜಾದವರಿಗೆ ಅಂಕಿಯನ್ನು ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ತಿದ್ದಬೇಕು. ಬಿಲ್ಲೆಗಳ ಅಂಚು ಮೆತ್ತಗಾಗುತ್ತಿದೆ, ಮೇಲೆ ಸೆಲ್ಲೋಟೇಪ್ ಹಚ್ಚುವ ಕೆಲಸ ಹುಡುಗರು ಒಪ್ಪಿಕೊಂಡಿದ್ದಾರೆ. 53, 67, 79, 86 ಈ ನಾಲ್ಕಕ್ಕೆ ಒಳ್ಳೆಯ ಹೆಸರು ಸಿಕ್ಕಿಲ್ಲ. ಇವನ್ನು ಅಜ್ಜಿಯರಿಗೇ ಬಿಟ್ಟಿದ್ದೇನೆ, ಮುಂದಿನ ಏಕಾದಶಿಯ ಭಜನೆ ಮುಗಿದ ಮೇಲೆ ಕೂತು ಗೊತ್ತು ಮಾಡುತ್ತೇವೆ ಅಂದಿದ್ದಾರೆ.