ಬಣ್ಣ ಬೇಡವೆಂದ ಮೇಸ್ತ್ರಿ

ಸಾಗರದ ನಮ್ಮ ಮನೆಯನ್ನು ಮಾವ ಕಟ್ಟಿಸಿದ್ದು 1974ರಲ್ಲಿ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಹಂಚಿನ ಮಾಡು. ವರ್ಷಕ್ಕೊಮ್ಮೆ ದೀಪಾವಳಿಯ ಮುಂಚೆ ಸುಣ್ಣ ಬಳಿದರೆ ಮನೆಗೆ ಹೊಸ ಕಳೆ ಬರುತ್ತಿತ್ತು. ಮೂರು ವರ್ಷದ ಹಿಂದೆ ಮಗಳ ನಿಶ್ಚಿತಾರ್ಥ ಮನೆಯಲ್ಲೇ ಆಗಲಿ ಎಂದು ತೀರ್ಮಾನವಾದಾಗ, ಸುಣ್ಣವಾದರೆ ಬಂದವರ ಬಟ್ಟೆಗೆಲ್ಲ ಹತ್ತುತ್ತದೆ, ಈ ಸಲ ಒಳ್ಳೆಯ ಪೇಂಟೇ ಆಗಬೇಕು ಎಂದು ಹಟ ಹಿಡಿದವಳು ನಾನು. ಆಗ ಅಕ್ಟೋಬರ್. ಮಳೆ ನಿಂತು ಹದಿನೈದು ದಿನವೂ ಆಗಿರಲಿಲ್ಲ. ಬಂದ ತಂಡ ಎಂಟೇ ದಿನದಲ್ಲಿ ಪುಟ್ಟಿ ಎಳೆದು, ಪ್ರೈಮರ್ ಹೊಡೆದು, ಎರಡು ಕೈ ಎಮಲ್ಷನ್ ಬಳಿದು ಹೋಯಿತು. ಗೋಡೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು.

ಮರುವರ್ಷದ ಜುಲೈಯಲ್ಲಿ ಪಡುವಣ ಕೋಣೆಯ ಗೋಡೆ ಉಬ್ಬತೊಡಗಿತು. ಮೊದಲು ಹುಣಸೆಬೀಜದಷ್ಟು ಗುಳ್ಳೆಗಳು, ಆಮೇಲೆ ಹಪ್ಪಳದಷ್ಟು. ಬೆರಳಿನಿಂದ ಒತ್ತಿದರೆ ಬಣ್ಣ ಪುಟ್ಟಿಯ ಸಮೇತ ಕಳಚಿ ಬೀಳುತ್ತಿತ್ತು. ಅದರ ಬೆನ್ನಿಗೆ ಉಪ್ಪು ಬಿಳಿ ಹಿಟ್ಟಿನ ಹಾಗೆ ಅಂಟಿಕೊಂಡಿರುತ್ತಿತ್ತು. ಆ ತಂಡದವರಿಗೆ ಫೋನ್ ಮಾಡಿದರೆ ಮಳೆಗಾಲ ಮುಗಿಯಲಿ ಎಂದರು. ಮುಗಿದ ಮೇಲೆ ಫೋನ್ ಎತ್ತಲಿಲ್ಲ. ಕಾಗದದ ಮೇಲೆ ಒಂದು ಮಾತನ್ನೂ ಬರೆಸಿಕೊಳ್ಳದೆ ಹಣವನ್ನೆಲ್ಲ ಕೊಟ್ಟು ಮುಗಿಸಿದ್ದೆವು. ಮಾವ ಕೊನೆಯವರೆಗೂ ಮಲಗುತ್ತಿದ್ದದ್ದು ಆ ಕೋಣೆಯಲ್ಲಿ. ಅದರ ಗೋಡೆ ಹಾಗೆ ಹಕ್ಕಳೆ ಎದ್ದದ್ದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಈ ವರ್ಷ ಜನವರಿಯಲ್ಲಿ ಮತ್ತೆ ಕೆಲಸದವರನ್ನು ಹುಡುಕಿದೆವು. ಒಬ್ಬರು ಮೊಬೈಲಿನಲ್ಲಿ ಫೋಟೋ ಕಳಿಸಿದರೆ ಸಾಕು ಎಂದು, ಕೋಣೆಗೆ ಏಳುನೂರು ಚದರ ಅಡಿ ಎಂದು ಲೆಕ್ಕ ಹಾಕಿಯೂಬಿಟ್ಟರು. ನಾನೇ ಟೇಪು ಹಿಡಿದು ಅಳೆದೆ. ಕೋಣೆ ಹದಿನಾಲ್ಕಕ್ಕೆ ಹನ್ನೆರಡು, ಗೋಡೆಯ ಎತ್ತರ ಹತ್ತು. ನಾಲ್ಕೂ ಗೋಡೆ ಸೇರಿ 520 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ ಇನ್ನೂ ಕಡಿಮೆ. ಅವರಿಗೆ ಬೇಡವೆಂದೆ. ಇನ್ನೊಬ್ಬರು ಬಂದು ನೋಡಿ, ಮೇಲಿನಿಂದ ತೇವ ತಡೆಯುವ ಪೇಂಟ್ ಹೊಡೆದರೆ ಎಲ್ಲ ಸರಿಹೋಗುತ್ತದೆ ಎಂದರು.

ಮೂರನೆಯವರು ನಮ್ಮೂರಿನವರೇ, ಐವತ್ತು ದಾಟಿದ ಮೇಸ್ತ್ರಿ. ಅವರು ದರದ ಮಾತೇ ಎತ್ತಲಿಲ್ಲ. ಗೋಡೆಗೆ ಅಂಗೈ ಒತ್ತಿ ಸುಮಾರು ಹೊತ್ತು ನಿಂತರು. ಆಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪು ಮೆತ್ತಿ, "ನಾಳೆ ಬರುತ್ತೇನೆ ಅಮ್ಮಾ, ಇದನ್ನು ಯಾರೂ ಮುಟ್ಟಬಾರದು" ಎಂದು ಹೇಳಿ ಹೊರಟರು. ಮರುದಿನ ನೋಡಿದರೆ, ಜನವರಿಯ ಒಣಹವೆಯಲ್ಲೂ ಹಾಳೆಯ ಒಳಮೈಗೆ ಬೆವರಿನಂತೆ ನೀರಿನ ಹನಿಗಳು ಕೂತಿದ್ದವು.

"ಗೋಡೆಯೊಳಗೆ ನೀರಿದೆ. ಇದು ಸುಣ್ಣದ ಗಾರೆ. ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಪುಟ್ಟಿ, ಪೇಂಟು ಹಾಕಿ ಅದರ ಬಾಯಿ ಕಟ್ಟಿದ್ದೀರಿ" ಎಂದರು.

"ಹಾಗಾದರೆ ಯಾವ ಪೇಂಟ್ ಹಾಕೋಣ ಮೇಸ್ತ್ರಿ?"

"ಈ ಕೋಣೆಗೆ ಪೇಂಟ್ ಬೇಡ ಅಮ್ಮಾ. ಎಲ್ಲ ಕೆರೆದು ತೆಗೆದು ಮೊದಲಿನ ಹಾಗೆ ಸುಣ್ಣ ಬಳಿಯೋಣ."

ನಾನು ಅವರ ಮುಖವನ್ನೇ ನೋಡಿದೆ. ಪೇಂಟ್ ಹೊಡೆಯುವುದೇ ಅವರ ಜೀವನ. ಬಕೆಟ್ಟಿನಲ್ಲಿ ಕಂಪನಿಗಳು ಪೇಂಟರುಗಳಿಗೆಂದು ಟೋಕನ್ ಇಡುತ್ತವೆ, ದುಬಾರಿ ಪೇಂಟ್ ಕೊಂಡಷ್ಟೂ ಅವರಿಗೆ ಲಾಭವಿರುತ್ತದೆ ಎಂದು ಕೇಳಿ ಬಲ್ಲೆ. ಅದೆಲ್ಲವನ್ನೂ ಬಿಟ್ಟು ಈ ಮನುಷ್ಯ ಅಗ್ಗದ ಸುಣ್ಣದ ಮಾತಾಡುತ್ತಿದ್ದರು.

ಕೆಲಸ ಸುಣ್ಣದಿಂದ ಶುರುವಾಗಲಿಲ್ಲ. ಹೊರಗೆ ಸೂರಿನ ನೀರು ಹಿಡಿಯುವ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿತ್ತು. ಮಳೆಗಾಲವಿಡೀ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಅದನ್ನು ಬದಲಾಯಿಸಿದ್ದು ಮೊದಲು. ಆಮೇಲೆ ಅವರೂ ಇಬ್ಬರು ಹುಡುಗರೂ ಸೇರಿ ಐದು ದಿನ ಗೋಡೆ ಕೆರೆದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದು ಚೂರು ಪುಟ್ಟಿಯೂ ಉಳಿಯದಂತೆ. ಅದು ಉಳಿದ ಕಡೆ ಸುಣ್ಣ ಹಿಡಿಯುವುದಿಲ್ಲವಂತೆ. ಕೆರೆದು ಮುಗಿದಾಗ ಮಾವನ ಕಾಲದ ಗಾರೆ ಹಳದಿ ಮಿಶ್ರಿತ ಬಿಳುಪಿನಲ್ಲಿ ಕಾಣಿಸಿತು. ಮೇಸ್ತ್ರಿ ಕಿಟಕಿಗಳನ್ನೆಲ್ಲ ತೆರೆದಿಟ್ಟು, "ಮಾರ್ಚ್ ತನಕ ಇದು ಉಸಿರಾಡಲಿ" ಎಂದು ಹೊರಟುಹೋದರು. ಅಲ್ಲಿಯವರೆಗೆ ಕೆರೆದ ಕೂಲಿ ಬಿಟ್ಟು ಒಂದು ರೂಪಾಯಿ ಹೆಚ್ಚು ಮುಟ್ಟಲಿಲ್ಲ.

ಬಾಗಿಲುಗಳ ವಿಷಯದಲ್ಲಿ ನಾನೇ ಪಟ್ಟು ಹಿಡಿದೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಮನೆಬಳಕೆಯ ಪೇಂಟಿನಲ್ಲಿ ಸೀಸವೆಂಬ ವಿಷಲೋಹ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ನಮ್ಮ ಬಾಗಿಲಿನ ಆಯಿಲ್ ಪೇಂಟ್ ಅದಕ್ಕೂ ಎಷ್ಟೋ ವರ್ಷ ಹಿಂದಿನದು. ಒಣಗಿದ್ದನ್ನು ಉಪ್ಪುಕಾಗದದಿಂದ ಉಜ್ಜಿದರೆ ದೂಳು ಮಗುವಿನ ಹೊಟ್ಟೆ ಸೇರುತ್ತದೆ ಎಂದೆ. ಮೇಸ್ತ್ರಿ ಮರುಮಾತಾಡಲಿಲ್ಲ. ಬಾಗಿಲುಗಳನ್ನು ಕಳಚಿ ಹಿತ್ತಿಲಿಗೆ ಒಯ್ದು, ಟಾರ್ಪಾಲಿನ ಮೇಲಿಟ್ಟು, ನೀರು ಹಾಕಿಕೊಂಡೇ ಉಜ್ಜಿಸಿದರು. ದೂಳು ಬಿದ್ದ ಟಾರ್ಪಾಲನ್ನು ಮಡಚಿ ಕಟ್ಟಿದ ಮೇಲೆಯೇ ಹುಡುಗರು ಚಹಾಕ್ಕೆ ಕೂತದ್ದು.

ಯುಗಾದಿಗೆ ಮುಂಚೆ ಹರಳುಸುಣ್ಣ ಬಂತು. ಡ್ರಮ್ಮಿನ ನೀರಿಗೆ ಹಾಕುತ್ತಿದ್ದಂತೆ ಬುಸುಗುಟ್ಟಿ ಆವಿ ಎದ್ದಿತು. ಕಲ್ಲುಗಳು ಬಿರಿದು ಅರಳಿ ಮೊಸರಿನಂತಾದವು. ಸುಣ್ಣ ಅರಳುವುದು ಎನ್ನುತ್ತೇವಲ್ಲ, ಆ ಮಾತು ಎಷ್ಟು ನಿಜವೆಂದು ಅಂದು ಕಣ್ಣಾರೆ ಕಂಡೆ. ಕೆಲವು ದಿನ ಹಾಗೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿದರು. ಹುಡುಗರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರು. ಅವರ ಕಣ್ಣಿಗೆ ಕನ್ನಡಕ ಹಾಕಿಸಿದ ಮೇಲೆಯೇ ಮೇಸ್ತ್ರಿ ಕುಂಚ ಕೊಟ್ಟದ್ದು.

ಮೊದಲ ಕೈ ಬಳಿದಾಗ ನನಗೆ ಗಾಬರಿಯೇ ಆಯಿತು. ನೀರು ಚಿಮುಕಿಸಿದ ಗೋಡೆಯ ಮೇಲೆ ಸುಣ್ಣ ಬಳಿದದ್ದೇ ಕಾಣುತ್ತಿರಲಿಲ್ಲ, ಮಂಕು ಬೂದು ಬಣ್ಣ ಅಷ್ಟೇ. "ಇನ್ನೂ ಗಟ್ಟಿಯಾಗಿ ಬಳಿಯಿರಿ" ಎಂದರೆ ಮೇಸ್ತ್ರಿ, "ದಪ್ಪ ಬಳಿದರೆ ಉದುರುತ್ತದೆ ಅಮ್ಮಾ. ಇದು ಒಣಗುತ್ತಾ ಬೆಳ್ಳಗಾಗುವಂಥದ್ದು" ಎಂದರು. ಸಂಜೆಯ ಹೊತ್ತಿಗೆ ಗೋಡೆಯ ಮೇಲ್ಭಾಗದಿಂದ ಬಿಳುಪು ಕೆಳಗಿಳಿಯತೊಡಗಿತು. ದಿನಕ್ಕೆ ಒಂದರಂತೆ ಮೂರು ಕೈ. ನಾಲ್ಕನೆಯ ದಿನ ಬೆಳಗ್ಗೆ ಬಾಗಿಲು ತೆರೆದರೆ ಕೋಣೆಯ ತುಂಬ ಆ ಹಳೆಯ, ಹೊಳಪಿಲ್ಲದ, ತಂಪು ಬೆಳಕು. ನಮ್ಮವರು ಬಂದು ಅಪ್ಪನ ಮಂಚವಿದ್ದ ಜಾಗದಲ್ಲಿ ನಿಂತರು. ಏನೂ ಮಾತಾಡಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಪಡುವಣದ ಎರಚಲು ಹಗಲೂ ರಾತ್ರಿ ಆ ಗೋಡೆಗೆ ಬಡಿಯುತ್ತಿತ್ತು. ಒಂದು ಸಂಜೆ ಮೇಸ್ತ್ರಿಯೇ ಫೋನ್ ಮಾಡಿದರು.

"ಗೋಡೆ ಹೇಗಿದೆ ಅಮ್ಮಾ?"

ಮೊಬೈಲ್ ಹಿಡಿದುಕೊಂಡೇ ಹೋಗಿ ಅಂಗೈ ಒತ್ತಿ ನೋಡಿದೆ.

"ತಣ್ಣಗಿದೆ ಮೇಸ್ತ್ರಿ. ಬುಡದಲ್ಲಿ ಸ್ವಲ್ಪ ಕಪ್ಪಾಗಿದೆ, ಹಕ್ಕಳೆ ಎದ್ದಿಲ್ಲ."

"ಕಪ್ಪಾದದ್ದು ಬಿಸಿಲು ಬಂದರೆ ಹೋಗುತ್ತದೆ. ಈ ಸಲ ದೀಪಾವಳಿಗೆ ಅವಸರ ಮಾಡಬೇಡಿ. ಚೆನ್ನಾಗಿ ಒಣಗಲಿ, ಡಿಸೆಂಬರಿನಲ್ಲಿ ಬಂದು ಇನ್ನೊಂದು ಕೈ ಬಳಿದುಕೊಡುತ್ತೇನೆ."